ಬ್ರಿಟನ್ನಿನ ಪ್ರಧಾನಿಗಳ ವಯಸ್ಸು ಮತ್ತು ಆಯುಸ್ಸು: ನಂಬಬಹುದಾದ ಪಟ್ಟಿಯೊಂದನ್ನು ತಯಾರಿಸುವ ಕ್ರಮ

1978ರ ನವೆಂಬರ್ ಆರಂಭದಲ್ಲಿ ನಡೆದ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ ಗೆದ್ದಾಗ ಇಂದಿರಾ ಗಾಂಧಿಯವರ ವಯಸ್ಸೆಷ್ಟು ಎಂದು ರಸಪ್ರಶ್ನೆಗೆ ಕುಳಿತ ವಿದ್ಯಾರ್ಥಿಗಳನ್ನು ಕೇಳಿದರೆ, ಬಹುತೇಕರು 1978ರಲ್ಲಿ 1917ನ್ನು ಕಳೆದು 61 ಎಂದುಬಿಡುತ್ತಾರೆ. ಅವರು ಹುಟ್ಟಿದ್ದು ನವೆಂಬರ್ 19ರಂದು. ಉಪಚುನಾವಣೆ ಆ ತಾರೀಖಿಗಿಂತ ಮೊದಲೇ ಮುಗಿದಿತ್ತು. ಆದ್ದರಿಂದ ಅಂದು ಅವರಿಗೆ ತುಂಬಿದ್ದು 60 ವರ್ಷ. 61 ಇನ್ನೂ ನಡೆಯುತ್ತಿತ್ತು.

ಬ್ರಿಟನ್ನಿನ ಪ್ರಧಾನಿಗಳ ವಯಸ್ಸಿನ ಪಟ್ಟಿ ಮಾಡಹೊರಟವರು ಇದೇ ಕಡೆ ಪದೇ ಪದೇ ಎಡವುತ್ತಾರೆ. ರಾಬರ್ಟ್ ವಾಲ್ಪೋಲ್ ಅಧಿಕಾರಕ್ಕೆ ಬಂದ 1721ರಿಂದ ಕೀರ್ ಸ್ಟಾರ್ಮರ್ ಬಂದ 2024ರವರೆಗೆ ಮುನ್ನೂರಕ್ಕೂ ಹೆಚ್ಚು ವರ್ಷಗಳ ಸಾಲು ಅದು, ಮತ್ತು ಬಹುಪಾಲು ಎಲ್ಲರಿಗೂ ದಿನಾಂಕಗಳು ದಿನದ ಲೆಕ್ಕದಲ್ಲಿ ಸಿಗುತ್ತವೆ. ಹಾಸನ ಮತ್ತು ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ರಸಪ್ರಶ್ನೆ ನಡೆಸುವ ಉಪನ್ಯಾಸಕರನ್ನೂ, ಗ್ರಂಥಾಲಯದಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಅಂಥ ಪಟ್ಟಿಯನ್ನು ತಾವೇ ಸಿದ್ಧಪಡಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ನಿಯಮವೆಂದರೆ ವಯಸ್ಸನ್ನು ಎಲ್ಲಿಂದಲೂ ನಕಲು ಮಾಡಿಕೊಳ್ಳಬಾರದು; ದಿನಾಂಕಗಳನ್ನು ಮಾತ್ರ ಬರೆದುಕೊಂಡು ವಯಸ್ಸನ್ನು ನಾವೇ ಲೆಕ್ಕ ಹಾಕಬೇಕು. ಹೆಸರು, ಹುಟ್ಟಿದ ದಿನ, ಅಧಿಕಾರ ವಹಿಸಿಕೊಂಡ ದಿನ, ಬಿಟ್ಟ ದಿನ, ತೀರಿಕೊಂಡ ದಿನ ಎಂಬ ಐದು ಅಂಕಣಗಳಿದ್ದರೆ ಸಾಕು. ಒಬ್ಬರೇ ಹಲವು ಬಾರಿ ಪ್ರಧಾನಿಯಾಗಿದ್ದರೆ ಪ್ರತಿ ಅವಧಿಗೂ ಬೇರೆ ಸಾಲು ಬೇಕಾಗುತ್ತದೆ. ವಿಲಿಯಂ ಗ್ಲ್ಯಾಡ್‌ಸ್ಟನ್ ನಾಲ್ಕು ಬಾರಿ ಅಧಿಕಾರಕ್ಕೆ ಬಂದರು; 1868ರಲ್ಲಿ ಅವರಿಗೆ 58, 1880ರಲ್ಲಿ 70, 1886ರಲ್ಲಿ 76, 1892ರಲ್ಲಿ 82. ‘ಗ್ಲ್ಯಾಡ್‌ಸ್ಟನ್ ಪ್ರಧಾನಿಯಾದಾಗ ಅವರ ವಯಸ್ಸೆಷ್ಟು’ ಎಂಬ ಪ್ರಶ್ನೆಗೆ ಹೀಗೆ ನಾಲ್ಕು ಸರಿಯುತ್ತರಗಳಿವೆ. ಪ್ರಶ್ನೆ ಕೇಳುವವರು ಯಾವ ಬಾರಿ ಎಂದು ಹೇಳದಿದ್ದರೆ ತಪ್ಪು ಅವರದೇ. ಹೆಸರುಗಳಲ್ಲೂ ಎಚ್ಚರ ಬೇಕು. ಹಿರಿಯ ಪಿಟ್ ಮತ್ತು ಕಿರಿಯ ಪಿಟ್ ತಂದೆ ಮಕ್ಕಳು, ಇಬ್ಬರ ಹೆಸರೂ ವಿಲಿಯಂ, ಇಬ್ಬರೂ ಪ್ರಧಾನಿಗಳು. ಇನ್ನು ಕೆಲವರು ಬದುಕಿನ ನಡುವೆ ಪದವಿ ಪಡೆದು ಹೆಸರನ್ನೇ ಬದಲಾಯಿಸಿಕೊಂಡವರು; ಅವರು ಪಟ್ಟಿಯಲ್ಲಿ ಎರಡು ಬಾರಿ ನುಸುಳುವುದುಂಟು.

ಹೀಗೆ ಹೆಸರು ಬದಲಾದವರಲ್ಲಿ ಒಬ್ಬರು ನಮ್ಮ ಸೀಮೆಗೇ ಬಂದು ಹೋದವರು. ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ನೋಡಿದವರಿಗೆ ಬಲಂ ಸೀಮೆಯ ಪಾಳೆಯಗಾರನ ಕಥೆ ತಿಳಿದಿರುತ್ತದೆ. 1802ರ ಜನವರಿಯಲ್ಲಿ ಆ ಪಾಳೆಯಗಾರನ ಮೇಲೆ ಸೇನೆ ನಡೆಸಿದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎನಿಸಿ, 1828ರ ಜನವರಿ 22ರಂದು ಬ್ರಿಟನ್ನಿನ ಪ್ರಧಾನಿಯಾದವರು. ಅವರು ಹುಟ್ಟಿದ್ದು 1769ರ ಮೇ 1ರಂದು ಎಂದು ಇಟ್ಟುಕೊಂಡರೆ ಮಲೆನಾಡಿನ ಕಾಡಿನಲ್ಲಿದ್ದಾಗ ಅವರಿಗೆ 32, ಪ್ರಧಾನಿಯಾದಾಗ 58, 1852ರ ಸೆಪ್ಟೆಂಬರ್ 14ರಂದು ತೀರಿಕೊಂಡಾಗ 83. ಅವರ ಹುಟ್ಟಿದ ದಿನದ ಬಗ್ಗೆ ಭಿನ್ನಾಭಿಪ್ರಾಯ ಇದೆ. ಆದರೆ ಕೆಲವೇ ದಿನಗಳ ಆ ವ್ಯತ್ಯಾಸದಿಂದ ಈ ಮೂರು ಅಂಕಿಗಳಲ್ಲಿ ಯಾವುದೂ ಬದಲಾಗುವುದಿಲ್ಲ. ದಿನಾಂಕ ಅನುಮಾನವಿದ್ದಾಗ ಮಾಡಬೇಕಾದ ಪರೀಕ್ಷೆ ಇದೇ: ಅನುಮಾನದ ಎರಡು ತುದಿಗಳಿಂದಲೂ ಲೆಕ್ಕ ಹಾಕಿ, ತುಂಬಿದ ವರ್ಷ ಒಂದೇ ಬಂದರೆ ಧೈರ್ಯವಾಗಿ ಬರೆಯಬಹುದು.

ಕೈಲೆಕ್ಕ ಹೀಗೆ ನಡೆಯುತ್ತದೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರ ಮೇ 18ರಂದು ಹುಟ್ಟಿದ ಎಚ್.ಡಿ. ದೇವೇಗೌಡರು ಭಾರತದ ಪ್ರಧಾನಿಯಾದದ್ದು 1996ರ ಜೂನ್ 1ರಂದು. ಆ ದಿನಕ್ಕೆ ಹಿಂದಿನ ಹುಟ್ಟುಹಬ್ಬವನ್ನು ಹಿಡಿಯಬೇಕು. ಅದು 1996ರ ಮೇ 18, ಅಂದಿಗೆ 63 ತುಂಬಿತು, ಅಲ್ಲಿಂದ ಜೂನ್ 1ಕ್ಕೆ 14 ದಿನ. ಇದು ಸುಲಭದ ಲೆಕ್ಕ. ಹುಟ್ಟುಹಬ್ಬ ವರ್ಷದ ಕೊನೆಗಿದ್ದು ಘಟನೆ ವರ್ಷದ ಮೊದಲಿಗಿದ್ದರೆ ಮಾತ್ರ ತುಸು ಕೆಲಸ ಬೀಳುತ್ತದೆ. ಲಾರ್ಡ್ ಪಾಮರ್ಸ್ಟನ್ ಹುಟ್ಟಿದ್ದು 1784ರ ಅಕ್ಟೋಬರ್ 20, ಮೊದಲ ಬಾರಿ ಪ್ರಧಾನಿಯಾದದ್ದು 1855ರ ಫೆಬ್ರವರಿ 6. ವರ್ಷ ಕಳೆದರೆ 71 ಬರುತ್ತದೆ, ಆದರೆ ಹಿಂದಿನ ಹುಟ್ಟುಹಬ್ಬ ಬಿದ್ದದ್ದು 1854ರಲ್ಲಿ, ಆಗ ತುಂಬಿದ್ದು 70. ಅಲ್ಲಿಂದ ಅಕ್ಟೋಬರಿನ ಉಳಿದ 11, ನವೆಂಬರಿನ 30, ಡಿಸೆಂಬರಿನ 31, ಜನವರಿಯ 31, ಫೆಬ್ರವರಿಯ 6 ಕೂಡಿದರೆ 109. ಅಂದರೆ 70 ವರ್ಷ 109 ದಿನ. ಮೊದಲ ಬಾರಿಗೆ ಪ್ರಧಾನಿಯಾದವರಲ್ಲಿ ಇಷ್ಟು ವಯಸ್ಸಾದವರು ಬೇರೆ ಯಾರೂ ಇಲ್ಲ. ಹಿಂದಿನ ಹುಟ್ಟುಹಬ್ಬಕ್ಕೂ ಘಟನೆಗೂ ನಡುವೆ ಫೆಬ್ರವರಿ 29 ಬಂದರೆ ಒಂದು ದಿನ ಸೇರಿಸುವುದನ್ನು ಮರೆಯಬಾರದು. 1800 ಮತ್ತು 1900 ಅಧಿಕ ವರ್ಷಗಳಲ್ಲ ಎಂಬುದೂ ನೆನಪಿರಲಿ.

ದಿನಗಳವರೆಗೆ ಹೋಗುವ ಶ್ರಮ ಏಕೆ ಎಂದು ಕೇಳುವವರು ಜೇಮ್ಸ್ ಕ್ಯಾಲಹನ್ ಅವರ ಸಾಲನ್ನು ಒಮ್ಮೆ ನೋಡಬೇಕು. ಅವರು ಹುಟ್ಟಿದ್ದು 1912ರ ಮಾರ್ಚ್ 27, ತೀರಿಕೊಂಡದ್ದು 2005ರ ಮಾರ್ಚ್ 26. ತೊಂಬತ್ತಮೂರು ತುಂಬಲು ಒಂದೇ ದಿನ ಬಾಕಿಯಿತ್ತು. ಆದ್ದರಿಂದ ಅವರ ಆಯುಸ್ಸು 92 ವರ್ಷ 364 ದಿನ. ಹೆರಾಲ್ಡ್ ಮ್ಯಾಕ್‌ಮಿಲನ್ ಬದುಕಿದ್ದು 1894ರ ಫೆಬ್ರವರಿ 10ರಿಂದ 1986ರ ಡಿಸೆಂಬರ್ 29ರವರೆಗೆ, ಅಂದರೆ 92 ವರ್ಷ 322 ದಿನ. ಅಲೆಕ್ ಡಗ್ಲಸ್-ಹ್ಯೂಮ್ 1903ರ ಜುಲೈ 2ರಿಂದ 1995ರ ಅಕ್ಟೋಬರ್ 9ರವರೆಗೆ, 92 ವರ್ಷ 99 ದಿನ. ಮೂವರಿಗೂ 92 ಎಂದಷ್ಟೇ ಬರೆದರೆ ಅತಿ ದೀರ್ಘಾಯುವಾದ ಪ್ರಧಾನಿ ಯಾರೆಂದು ಪಟ್ಟಿ ಹೇಳಲಾರದು. ವರ್ಷವನ್ನಷ್ಟೇ ಕಳೆದರೆ ಕ್ಯಾಲಹನ್ ಅವರಿಗೆ ಇಲ್ಲದ 93 ಬಂದು ಸೇರುತ್ತದೆ. ಟೋನಿ ಬ್ಲೇರ್ ಮತ್ತು ಡೇವಿಡ್ ಕ್ಯಾಮರಾನ್ ಅವರ ವಿಷಯದಲ್ಲೂ ಹೀಗೆಯೇ. ಇಬ್ಬರೂ 43ರಲ್ಲಿ ಪ್ರಧಾನಿಯಾದವರು. ಆದರೆ ಬ್ಲೇರ್ 44 ತುಂಬಲು ನಾಲ್ಕೇ ದಿನ ಇದ್ದಾಗ, ಕ್ಯಾಮರಾನ್ 43 ತುಂಬಿ 214 ದಿನಕ್ಕೆ.

ಪಟ್ಟಿ ಉದ್ದವಾದಾಗ ಎಕ್ಸೆಲ್ ಬಳಸುವುದು ಸಹಜ, ಮತ್ತು ಹೆಚ್ಚಿನವರು ಕೈಚೆಲ್ಲುವುದು ಅಲ್ಲಿಯೇ. ಎಕ್ಸೆಲ್ 1900ರ ಜನವರಿ 1ಕ್ಕಿಂತ ಹಿಂದಿನದನ್ನು ದಿನಾಂಕವೆಂದೇ ಒಪ್ಪುವುದಿಲ್ಲ. ಬರೆದದ್ದನ್ನು ಬರಿಯ ಅಕ್ಷರಗಳೆಂದು ಭಾವಿಸಿ ಕಳೆಯಲು ನಿರಾಕರಿಸುತ್ತದೆ. ಇದಕ್ಕೆ ಸರಳವಾದ ಉಪಾಯವಿದೆ. ನಾವು ಬಳಸುವ ಗ್ರೆಗೋರಿಯನ್ ಪಂಚಾಂಗ 400 ವರ್ಷಕ್ಕೊಮ್ಮೆ ಅಧಿಕ ವರ್ಷಗಳೂ ವಾರಗಳೂ ಸಮೇತ ಹಾಗೆಯೇ ಮರುಕಳಿಸುತ್ತದೆ. ಆದ್ದರಿಂದ ಪ್ರತಿ ದಿನಾಂಕದ ವರ್ಷಕ್ಕೂ 400 ಸೇರಿಸಿ ಬರೆದರೆ ವಯಸ್ಸು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಕಿರಿಯ ಪಿಟ್ ಹುಟ್ಟಿದ 1759ರ ಮೇ 28ನ್ನು 2159 ಎಂದೂ, ಪ್ರಧಾನಿಯಾದ 1783ರ ಡಿಸೆಂಬರ್ 19ನ್ನು 2183 ಎಂದೂ ಬರೆಯಿರಿ. ಡೇಟ್‌ಡಿಫ್ (DATEDIF) ಸೂತ್ರದಿಂದ ತುಂಬಿದ ವರ್ಷ 24 ಎಂದು ಬರುತ್ತದೆ. ಈಡೇಟ್ (EDATE) ಸೂತ್ರದಲ್ಲಿ ಹುಟ್ಟಿದ ದಿನಕ್ಕೆ ಅಷ್ಟು ವರ್ಷಗಳ ತಿಂಗಳುಗಳನ್ನು ಸೇರಿಸಿ ಹಿಂದಿನ ಹುಟ್ಟುಹಬ್ಬ ಪಡೆದು, ಅದನ್ನು ಘಟನೆಯ ದಿನದಿಂದ ಕಳೆದರೆ 205 ದಿನ ಉಳಿಯುತ್ತದೆ. ಇಪ್ಪತ್ತನೆಯ ಶತಮಾನದವರಿಗೂ 400 ಸೇರಿಸುವುದೇ ಲೇಸು. ಕೆಲವರಿಗೆ ಸೇರಿಸಿ ಕೆಲವರಿಗೆ ಬಿಟ್ಟರೆ ಗೊಂದಲ ಖಂಡಿತ. ಗಣಕಯಂತ್ರದ ದಿನಾಂಕ ವ್ಯವಸ್ಥೆ ಅಮೆರಿಕದ ರೀತಿಯದಾಗಿದ್ದರೆ ಫೆಬ್ರವರಿ 6 ಎಂದು ನಾವು ಬರೆದದ್ದು ಜೂನ್ 2 ಆಗಿಬಿಡುತ್ತದೆ. ತಿಂಗಳನ್ನು ಅಂಕಿಯ ಬದಲು ಹೆಸರಿನಲ್ಲಿ ಬರೆಯುವುದು ಕ್ಷೇಮ.

ಹದಿನೆಂಟನೆಯ ಶತಮಾನದ ಮೊದಲರ್ಧದವರ ಸಾಲುಗಳು ಇನ್ನಷ್ಟು ತಾಳ್ಮೆ ಬೇಡುತ್ತವೆ. ಬ್ರಿಟನ್ 1752ರಲ್ಲಿ ಹಳೆಯ ಜೂಲಿಯನ್ ಪಂಚಾಂಗವನ್ನು ಬಿಟ್ಟಿತು. ಆ ವರ್ಷ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಬಂತು. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ವಾಲ್ಪೋಲ್ ಹುಟ್ಟಿದ್ದು 1676ರ ಆಗಸ್ಟ್ 26, ತೀರಿಕೊಂಡದ್ದು ಈಗಿನ ಎಣಿಕೆಯಲ್ಲಿ 1745ರ ಮಾರ್ಚ್ 18. ಆದರೆ ಅಂದಿನ ಎಣಿಕೆಯಲ್ಲಿ ಅದು ಇನ್ನೂ 1744. ಆ ವರ್ಷವನ್ನೇ ಹಿಡಿದರೆ 68ರ ಬದಲು 67 ಬರುತ್ತದೆ. ಹುಟ್ಟು 1752ಕ್ಕೆ ಮೊದಲು, ಘಟನೆ ಅನಂತರ ಆಗಿದ್ದರೆ ಹುಟ್ಟಿದ ದಿನಕ್ಕೆ 11 ದಿನ (1700ಕ್ಕೆ ಮೊದಲು ಹುಟ್ಟಿದ್ದರೆ 10 ದಿನ) ಸೇರಿಸಿ ಹೊಸ ಎಣಿಕೆಗೆ ತರಬೇಕು. 1732ರ ಏಪ್ರಿಲ್ 13ರಂದು ಹುಟ್ಟಿದ ಲಾರ್ಡ್ ನಾರ್ತ್ 1770ರ ಜನವರಿಯಲ್ಲಿ 37ರ ಪ್ರಾಯದಲ್ಲಿ ಪ್ರಧಾನಿಯಾದರು ಎಂಬುದು ಇದರಿಂದ ಬದಲಾಗದು, ಹೆಚ್ಚುವರಿ ದಿನಗಳು ಮಾತ್ರ 11 ಕಡಿಮೆಯಾಗುತ್ತವೆ. ವಾಲ್ಪೋಲ್ ಅನಂತರ ಬಂದ ಲಾರ್ಡ್ ವಿಲ್ಮಿಂಗ್ಟನ್ ಹುಟ್ಟಿದ್ದು ಸುಮಾರು 1673ರಲ್ಲಿ ಎಂದಷ್ಟೇ ದಾಖಲೆ. ಅವರ ವಯಸ್ಸಿನ ಕೋಣೆಯಲ್ಲಿ ‘ಸುಮಾರು’ ಎಂದು ಬರೆಯಲು ಸಂಕೋಚಪಡಬೇಕಾಗಿಲ್ಲ.

ಅಧಿಕಾರದ ಅವಧಿ ಎಣಿಸುವಾಗ ಮೊದಲ ದಿನ, ಕೊನೆಯ ದಿನ ಎರಡನ್ನೂ ಸೇರಿಸಬೇಕೇ ಎಂಬುದನ್ನು ಆರಂಭದಲ್ಲೇ ತೀರ್ಮಾನಿಸಿ ಪಟ್ಟಿಯ ತಲೆಯಲ್ಲಿ ಬರೆದಿಡಿ. ಲಿಜ್ ಟ್ರಸ್ 2022ರ ಸೆಪ್ಟೆಂಬರ್ 6ರಿಂದ ಅಕ್ಟೋಬರ್ 25ರವರೆಗೆ ಇದ್ದದ್ದನ್ನು ಕೆಲವರು 49 ದಿನ, ಕೆಲವರು 50 ದಿನ ಎನ್ನುವುದು ಈ ಕಾರಣಕ್ಕೇ. ಜಾರ್ಜ್ ಕ್ಯಾನಿಂಗ್ 1827ರ ಏಪ್ರಿಲ್ 12ರಿಂದ ಆಗಸ್ಟ್ 8ರಂದು ಸಾಯುವವರೆಗೆ ಇದ್ದದ್ದು ಕಳೆದರೆ 118 ದಿನ, ಎರಡೂ ತುದಿ ಸೇರಿಸಿದರೆ 119. ಕ್ಯಾನಿಂಗ್ ಪ್ರಧಾನಿಯಾದದ್ದು ತಮ್ಮ 57ನೆಯ ಹುಟ್ಟುಹಬ್ಬದ ಮರುದಿನ. ಅವರ ಹಿಂದಿನವರಾದ ಲಾರ್ಡ್ ಲಿವರ್‌ಪೂಲ್ ಕೂಡ 1812ರಲ್ಲಿ ತಮ್ಮ 42ನೆಯ ಹುಟ್ಟುಹಬ್ಬದ ಮರುದಿನವೇ ಅಧಿಕಾರಕ್ಕೆ ಬಂದಿದ್ದರು, ಮತ್ತು ಇಬ್ಬರೂ 1770ರಲ್ಲಿ ಹುಟ್ಟಿದವರು. ಲಿವರ್‌ಪೂಲ್ ಅನಂತರ ಅಷ್ಟು ಚಿಕ್ಕ ವಯಸ್ಸಿನವರು ಬರಲು 2022ರವರೆಗೆ ಕಾಯಬೇಕಾಯಿತು. ನಮ್ಮ ಪತ್ರಿಕೆಗಳು ಕರ್ನಾಟಕದ ಅಳಿಯ ಎಂದು ಕೊಂಡಾಡಿದ ರಿಷಿ ಸುನಕ್ ಅವರಿಗೆ ಅಂದು 42 ವರ್ಷ 166 ದಿನ.

ಆಯುಸ್ಸಿನ ಅಂಕಣದ ಪಕ್ಕದಲ್ಲಿ ‘ಅಧಿಕಾರ ಬಿಟ್ಟ ಮೇಲೆ ಬದುಕಿದ ಕಾಲ’ ಎಂಬ ಇನ್ನೊಂದು ಅಂಕಣವನ್ನು ಸೇರಿಸಿದರೆ ಪಟ್ಟಿಗೆ ಜೀವ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಏಳು ಮಂದಿಗೆ ಅಲ್ಲಿ ಸೊನ್ನೆ ಬೀಳುತ್ತದೆ: ವಿಲ್ಮಿಂಗ್ಟನ್, ಪೆಲ್ಹಮ್, ರಾಕಿಂಗ್‌ಹ್ಯಾಮ್, ಕಿರಿಯ ಪಿಟ್, ಪರ್ಸಿವಲ್, ಕ್ಯಾನಿಂಗ್, ಪಾಮರ್ಸ್ಟನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅವರಲ್ಲಿ ಸ್ಪೆನ್ಸರ್ ಪರ್ಸಿವಲ್ ಮಾತ್ರ 1812ರಲ್ಲಿ ಕೊಲೆಯಾದವರು. ಕ್ಯಾಂಬೆಲ್-ಬ್ಯಾನರ್‌ಮನ್ 1908ರ ಏಪ್ರಿಲ್ ಆರಂಭದಲ್ಲಿ ರಾಜೀನಾಮೆ ಕೊಟ್ಟು, ಮನೆ ಬದಲಿಸಲಾರದಷ್ಟು ಕಾಯಿಲೆಯಿಂದ ಡೌನಿಂಗ್ ಸ್ಟ್ರೀಟಿನ ಹತ್ತನೆಯ ಮನೆಯಲ್ಲೇ ಅದೇ ತಿಂಗಳ 22ರಂದು ಕೊನೆಯುಸಿರೆಳೆದರು. ಇನ್ನೊಂದು ತುದಿಯಲ್ಲಿ ಗ್ರಾಫ್ಟನ್ನಿನ ಡ್ಯೂಕ್ ಇದ್ದಾರೆ. 1770ರಲ್ಲಿ ಅಧಿಕಾರ ಬಿಟ್ಟಾಗ ಅವರಿಗೆ 34, ತೀರಿಕೊಂಡದ್ದು 1811ರಲ್ಲಿ, ನಡುವೆ 41 ವರ್ಷ.

ಪಟ್ಟಿ ಮುಗಿದ ಮೇಲೆ ಸರಾಸರಿ ತೆಗೆಯುವ ಆಸೆ ಹುಟ್ಟುತ್ತದೆ. ತೆಗೆಯಬಹುದು, ಆದರೆ ಅದನ್ನು ಆ ಕಾಲದ ಜನಸಾಮಾನ್ಯರ ಸರಾಸರಿ ಆಯುಸ್ಸಿನ ಪಕ್ಕದಲ್ಲಿಟ್ಟು ‘ಪ್ರಧಾನಿ ಹುದ್ದೆ ಆಯುಸ್ಸು ಹೆಚ್ಚಿಸುತ್ತದೆ’ ಎಂದು ಹೇಳುವಂತಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಅನೇಕರು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಪ್ರಧಾನಿಯಾದವರು ಆ ಗಂಡಾಂತರಗಳನ್ನೆಲ್ಲ ದಾಟಿಯೇ ಬಂದವರು. ಕಾಫಿ ತೋಟದಲ್ಲಿ ಉಳಿದು ಬೆಳೆದ ಗಿಡಗಳನ್ನಷ್ಟೇ ನೋಡಿ, ನೆಟ್ಟ ಸಸಿಗಳೆಲ್ಲ ಇಷ್ಟು ವರ್ಷ ಬಾಳುತ್ತವೆ ಎಂದಂತಾಗುತ್ತದೆ ಅದು. ಪಾಮರ್ಸ್ಟನ್ ಅವರನ್ನು ಹೋಲಿಸಬೇಕಾದರೆ 1855ರಲ್ಲಿ 70 ದಾಟಿದ್ದವರೊಂದಿಗೆ, ಅದರಲ್ಲೂ ಅವರಷ್ಟೇ ಅನುಕೂಲಸ್ಥರೊಂದಿಗೆ ಹೋಲಿಸಬೇಕು. ಐವತ್ತು ತುಂಬದೆ ಹೋದ ಪ್ರಧಾನಿಗಳು ಡೆವನ್‌ಶೈರಿನ ಡ್ಯೂಕ್ (44), ಕಿರಿಯ ಪಿಟ್ (46), ಪರ್ಸಿವಲ್ (49) ಮೂವರೇ. ತೀರಿಕೊಂಡವರಲ್ಲಿ ತೊಂಬತ್ತು ದಾಟಿದವರು ಚರ್ಚಿಲ್, ಮ್ಯಾಕ್‌ಮಿಲನ್, ಡಗ್ಲಸ್-ಹ್ಯೂಮ್, ಕ್ಯಾಲಹನ್, ನಾಲ್ವರೂ 1965ರಿಂದ ಈಚೆಗೆ ತೀರಿಕೊಂಡವರು. ಬದುಕಿರುವವರನ್ನು ಸರಾಸರಿಯಿಂದ ಹೊರಗಿಡಬೇಕಾಗುವುದರಿಂದ ಇತ್ತೀಚಿನ ದಶಕಗಳ ಅಂಕಿ ಯಾವಾಗಲೂ ಅಪೂರ್ಣವೇ, ಏಕೆಂದರೆ ಆ ಗುಂಪಿನಲ್ಲಿ ಬೇಗ ಹೋದವರು ಮಾತ್ರ ಮೊದಲು ಲೆಕ್ಕಕ್ಕೆ ಸೇರುತ್ತಾರೆ.

ಕೊನೆಯದಾಗಿ ಸೂತ್ರಗಳ ಪರೀಕ್ಷೆ. ರಾಮ್ಸೆ ಮ್ಯಾಕ್‌ಡೊನಾಲ್ಡ್ (1866ರ ಅಕ್ಟೋಬರ್ 12ರಿಂದ 1937ರ ನವೆಂಬರ್ 9) ಮತ್ತು ನೆವಿಲ್ ಚೇಂಬರ್ಲೇನ್ (1869ರ ಮಾರ್ಚ್ 18ರಿಂದ 1940ರ ನವೆಂಬರ್ 9) ಇಬ್ಬರೂ ಒಂದೇ ತಾರೀಖಿನಂದು, 71ರಲ್ಲೇ ತೀರಿಕೊಂಡವರು. ನಿಮ್ಮ ಹಾಳೆಯಲ್ಲಿ ಮೊದಲನೆಯವರಿಗೆ 71 ವರ್ಷ 28 ದಿನ, ಎರಡನೆಯವರಿಗೆ 71 ವರ್ಷ 236 ದಿನ ಬಂದಿದ್ದರೆ ಸೂತ್ರ ಸರಿಯಾಗಿದೆ. ಬದುಕಿರುವ ಮಾಜಿ ಪ್ರಧಾನಿಗಳ ಆಯುಸ್ಸಿನ ಕೋಣೆಯನ್ನು ಖಾಲಿ ಬಿಟ್ಟು, ಇಂದಿನ ವಯಸ್ಸಿಗೆ ಬೇರೆ ಅಂಕಣ ಮಾಡಿ, ಅದರ ತಲೆಯಲ್ಲಿ ಲೆಕ್ಕ ಹಾಕಿದ ತಾರೀಖನ್ನು ನಮೂದಿಸಿ.