ಮಣ್ಣಿನ ಟ್ರ್ಯಾಕ್ ಕೈ ಬದಲಾದಾಗ ರೇಸ್ ದಿನಾಂಕ ಹೊಂದಿಸಿದ ಬಗೆ

ಟ್ರ್ಯಾಕ್ ಇರುವ ಜಮೀನು ಮಾರಾಟವಾಯಿತು ಎಂದರೆ ಓಡಿಸುವವರ ಮೊದಲ ಪ್ರಶ್ನೆ, ‘ಮುಂದಿನ ರೌಂಡ್ ಯಾವಾಗ?’ ಹೊಸ ಮಾಲೀಕರಿಂದ ನಮ್ಮ ತಂಡ ಟ್ರ್ಯಾಕ್ ವಹಿಸಿಕೊಂಡಾಗ ತಾರೀಕು ಹೇಳುವುದಕ್ಕೆ ಮುಂಚೆ ಪಹಣಿ ತೆಗೆಸಿದೆವು, ಕೊಳವೆಬಾವಿ ಯಾವ ಸರ್ವೆ ನಂಬರಿನಲ್ಲಿದೆ ಎಂದು ನೋಡಿದೆವು. ಮಲೆನಾಡಿನ ಅಂಚಿನ ಕೆಂಪು ಮಣ್ಣಿನ ಆಟೋಕ್ರಾಸ್ (ಸಮಯ ಅಳೆದು ಕಾರು ಓಡಿಸುವ ಸ್ಪರ್ಧೆ) ಟ್ರ್ಯಾಕ್ ಇದು. 800 ಮೀಟರ್ ಉದ್ದ, ಸರಾಸರಿ 8 ಮೀಟರ್ ಅಗಲ. ಮುಂದಿನ ಲೆಕ್ಕವೆಲ್ಲ ಈ ಅಳತೆಗೆ.

ಹಳೆಯ ಮಾಲೀಕರು ‘ವರ್ಷಕ್ಕೆ ನಾಲ್ಕು ಸಲ ಓಡಿಸಿಕೊಳ್ಳಿ’ ಎಂದು ಬಾಯಿಮಾತಿನಲ್ಲಿ ಕೊಟ್ಟ ಅನುಮತಿ ಕಾನೂನಿನ ಲೆಕ್ಕದಲ್ಲಿ ಬರೀ ಲೈಸೆನ್ಸ್, ಜಮೀನಿನ ಮೇಲಿನ ಹಕ್ಕಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಜಮೀನು ಕೊಂಡವರು ಅದಕ್ಕೆ ಬದ್ಧರಲ್ಲ. ನೋಂದಾಯಿತ ಗುತ್ತಿಗೆ ಪತ್ರವಾದರೆ ಮಾಲೀಕರು ಬದಲಾದರೂ ಉಳಿಯುತ್ತದೆ. ಆದರೆ ಕೆಲವು ವಿನಾಯಿತಿ ಬಿಟ್ಟರೆ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗುತ್ತಿಗೆಗೆ ಕೊಡುವಂತಿಲ್ಲ. ಹಾಗಾಗಿ ಭೂಪರಿವರ್ತನೆ ಆದ ಭಾಗಕ್ಕೆ ಮಾತ್ರ ಪತ್ರ ಬರೆಸಿ, ಹದ್ದುಬಸ್ತು ಮಾಡಿಸಿ, ಟ್ರ್ಯಾಕಿನ ಯಾವ ತಿರುವೂ ಗಡಿ ದಾಟಿಲ್ಲ ಎಂದು ಖಾತ್ರಿ ಮಾಡಿಕೊಂಡೆವು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯಾದರೆ ನೋಂದಣಿ ಕಡ್ಡಾಯ. ಕೊಳವೆಬಾವಿ ಮಾರಾಟವಾಗದ ಪಕ್ಕದ ನಂಬರಿನಲ್ಲಿದ್ದರೆ ನೀರಿನ ಹಕ್ಕನ್ನು ಬೇರೆಯಾಗಿ ಬರೆಸಿಕೊಳ್ಳಬೇಕು. ಐಪಿ ಸೆಟ್ಟಿನ ಕರೆಂಟ್ ಕೃಷಿಗೆ ಮಾತ್ರ, ಟ್ರ್ಯಾಕಿಗೆ ನೀರೆತ್ತಲು ಬೇರೆ ಸಂಪರ್ಕ ಬೇಕು.

ಹೆಸರಾದ ರೇಸಿನ ತಿಂಗಳನ್ನು ಹೊಸ ಮಾಲೀಕರು ಮುಟ್ಟದಿರುವುದು ಒಳ್ಳೆಯದು. ಅಮೆರಿಕದ ಓಹಾಯೊದಲ್ಲಿ ಅರ್ಲ್ ಬಾಲ್ಟಸ್ 1954ರಲ್ಲಿ ಶುರುಮಾಡಿದ ಎಲ್ಡೊರಾ ಎಂಬ ಅಂಡಾಕಾರದ ಮಣ್ಣಿನ ಟ್ರ್ಯಾಕ್ 2004ರಲ್ಲಿ ರೇಸರ್ ಟೋನಿ ಸ್ಟೀವರ್ಟ್ ಕೈಗೆ ಬಂತು. 1971ರಿಂದ ನಡೆದುಬಂದ ಅಲ್ಲಿನ ‘ವರ್ಲ್ಡ್ 100’ ರೇಸ್ ಸೆಪ್ಟೆಂಬರಿನಲ್ಲೇ ಮುಂದುವರಿಯಿತು. ನಮ್ಮಲ್ಲೂ ಅಷ್ಟೇ. ಜನ ಕಾರು ಸಿದ್ಧಮಾಡುವುದು, ರಜೆ ಹಾಕುವುದು ರೂಢಿಯ ತಿಂಗಳು ನೋಡಿಕೊಂಡೇ.

ನಮ್ಮ ಸೀಸನ್ ಯಾವಾಗ ಎಂದು ಹೇಳುವುದು ಮಳೆ ನಕ್ಷತ್ರ. ಸ್ವಾತಿ, ವಿಶಾಖ ಮಳೆಗಳು ಕಳೆಯುವುದು ನವೆಂಬರ್ ಮೂರನೇ ವಾರಕ್ಕೆ. ಅದಕ್ಕೂ ಮೊದಲಿನ ದಿನಾಂಕ ಕೊಡುವುದಿಲ್ಲ. ನವೆಂಬರ್ ಕೊನೆಯಿಂದ ಫೆಬ್ರುವರಿ ಕೊನೆಯವರೆಗೆ ನಾಲ್ಕು ರೌಂಡ್, ನಡುವೆ ಕನಿಷ್ಠ ಮೂರು ವಾರ ಬಿಡುವು. ಕುಳಿ ಬಿದ್ದ ಜಾಗ ಉತ್ತು, ಮಣ್ಣು ತುಂಬಿ, ರೋಲರ್ ಹೊಡೆದು ಕೂರಿಸಲು ಅಷ್ಟು ಬೇಕೇ ಬೇಕು. ಮಾರ್ಚ್ ಬಿಟ್ಟುಬಿಟ್ಟೆವು, ಪರೀಕ್ಷೆ ಸಮಯದಲ್ಲಿ ಸದ್ದು ಮಾಡಿದರೆ ಊರಿನವರ ಸಹನೆ ಒಂದೇ ಸಲಕ್ಕೆ ಮುಗಿಯುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ಇರುವ ವಾರಾಂತ್ಯವೂ ಬೇಡ. ಮಾರ್ಷಲ್‌ಗಳು, ಟೈಮ್‌ಕೀಪರ್‌ಗಳು, ಒಳ್ಳೆಯ ಮೆಕ್ಯಾನಿಕ್‌ಗಳು ಎಲ್ಲರೂ ಅಲ್ಲೇ ಇರುತ್ತಾರೆ. ದೇಶದ ಮೋಟಾರ್ ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐ ಪರ್ಮಿಟ್‌ಗೆ ಅರ್ಜಿ ಹಾಕುವ ಮುನ್ನ ಅವರ ರಾಷ್ಟ್ರೀಯ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ.

ಇನ್ನು ಮಣ್ಣು. ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದಷ್ಟು ನೀರು ಹಾಕಿ ಕುಲುಕಿ ಇಟ್ಟರೆ ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಜೇಡಿ ಇಳಿಯಲು ಒಂದು ದಿನವಾದರೂ ಬೇಕು. ಮೇಲಿನ ಜೇಡಿ ಪದರ ತೀರಾ ತೆಳುವಾಗಿದ್ದರೆ ಆ ಮಣ್ಣು ಚಕ್ರಕ್ಕೆ ಸಿಕ್ಕಿ ಪುಡಿಯಾಗುತ್ತದೆ. ಅಂಥ ಕಡೆ ಮೂರು ಪಾಲು ಇದ್ದ ಮಣ್ಣಿಗೆ ಒಂದು ಪಾಲು ಕೆರೆಗೋಡು ಬೆರೆಸಿದೆವು. ಹೆಚ್ಚು ಕೆರೆಗೋಡು ಹಾಕಿದರೆ ಒಣಗಿದಾಗ ಬಿರುಕು, ನೆನೆದಾಗ ಜಾರು. ಗರಸು ಹಾಕುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬೇಡ, ಹಿಂದಿನ ಕಾರಿನ ಗಾಜು ಉಳಿಯುವುದಿಲ್ಲ.

ನೀರಿನ ಲೆಕ್ಕ ಹೀಗೆ. ಮೇಲಿನ 10 ಸೆಂ.ಮೀ. ಮಣ್ಣು ಚದರ ಮೀಟರಿಗೆ ಸುಮಾರು 160 ಕೆ.ಜಿ. ತೂಗುತ್ತದೆ. ಅದರ ತೇವ ಮಣ್ಣಿನ ತೂಕದ ಶೇ. 5ರಷ್ಟು ಏರಬೇಕಾದರೆ 8 ಲೀಟರ್ ನೀರು. ಇಡೀ 6,400 ಚದರ ಮೀಟರಿಗೆ 51,200 ಲೀಟರ್, ಅಂದರೆ 5,000 ಲೀಟರ್ ಟ್ಯಾಂಕರಿನ ಹತ್ತು ಲೋಡಿಗಿಂತ ತುಸು ಹೆಚ್ಚು. ಗಂಟೆಗೆ 5,000 ಲೀಟರ್ ಕೊಡುವ ಬೋರ್‌ವೆಲ್ಲಿಗೂ ಇದು ಹತ್ತು ಗಂಟೆಯ ಕೆಲಸ. ಅದಕ್ಕೇ ಮೂರು ದಿನ ಮೊದಲಿನಿಂದ ಹೊಂಡ ತುಂಬಿಸಿಟ್ಟುಕೊಳ್ಳುತ್ತೇವೆ.

ಹಿಂದಿನ ದಿನ ಮಧ್ಯಾಹ್ನ ಕಲ್ಟಿವೇಟರಿನಲ್ಲಿ 10 ಸೆಂ.ಮೀ. ಸಡಿಲಿಸಿ, ಸಂಜೆ ಬಿಸಿಲು ಇಳಿದ ಮೇಲೆ ಮೂರು ಕಂತಿನಲ್ಲಿ ನೀರು ಬಿಡುತ್ತೇವೆ. ಒಂದೇ ಸಲ ಸುರಿದರೆ ಒಳತಿರುವಿನಲ್ಲಿ ಮಡುಗಟ್ಟುತ್ತದೆ. ರಾತ್ರಿ ನೆನೆಯಲು ಬಿಟ್ಟು, ಬೆಳಗಿನ ಜಾವ ರೋಟಾವೇಟರ್, ಮೇಲ್ಪದರ ಸ್ವಲ್ಪ ಆರಿದ ಮೇಲೆ ರೋಲರ್. ಹದ ನೋಡುವುದು ಕೈಯಲ್ಲೇ. ಹಿಡಿ ಮಣ್ಣನ್ನು ಒತ್ತಿ ಉಂಡೆ ಮಾಡಿ ಎದೆಯೆತ್ತರದಿಂದ ಬಿಡಿ. ಎರಡು ಮೂರು ಹೋಳಾದರೆ ಹದ ಸರಿ. ಪುಡಿಯಾದರೆ ನೀರು ಸಾಲದು, ಅಂಗೈಗೆ ಮೆತ್ತಿಕೊಂಡರೆ ಕಾಯಬೇಕು. ಉಳದೆ ಗಟ್ಟಿ ನೆಲದ ಮೇಲೇ ನೀರು ಚಿಮುಕಿಸಿದರೆ ಮೇಲೆ ಒಂದು ಸೆಂಟಿಮೀಟರ್ ಕೆಸರು, ಕೆಳಗೆ ಒಣ ಧೂಳು. ಮೊದಲ ಐದಾರು ಕಾರು ಜಾರುತ್ತವೆ, ಆಮೇಲೆ ಆ ತೊಗಟೆ ಹಪ್ಪಳದ ಹಾಗೆ ಎದ್ದು ಬ್ರೇಕ್ ಹಾಕುವ ಜಾಗದಲ್ಲಿ ಕುಳಿ ಬೀಳುತ್ತದೆ. ಧೂಳಿಗೆ ಸುಟ್ಟ ಎಂಜಿನ್ ಆಯಿಲ್ ಸುರಿಯುವ ಹಳೇ ಚಾಳಿಯನ್ನು ಪೂರ್ತಿ ನಿಲ್ಲಿಸಿದೆವು. ಅದು ಅಪಾಯಕಾರಿ ತ್ಯಾಜ್ಯ, ಮಳೆಗಾಲದಲ್ಲಿ ಹರಿದು ಸೇರುವುದು ಪಕ್ಕದವರ ಗದ್ದೆಗೆ.

ಒಂದು ದಿನಕ್ಕೆ 60 ಎಂಟ್ರಿ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಕಾರೊಂದಕ್ಕೆ ಎರಡೂವರೆ ನಿಮಿಷದಂತೆ ಒಂದು ಸರದಿಗೆ 150 ನಿಮಿಷ. ಪ್ರತಿ 20 ಕಾರಿಗೊಮ್ಮೆ ನೀರು ಮತ್ತು ಮಟ್ಟ ಮಾಡಲು 25 ನಿಮಿಷ, ಅಂದರೆ ಇನ್ನೊಂದು 75. ಎರಡು ಸರದಿಗೆ ಏಳೂವರೆ ಗಂಟೆ. ಎಂಟೂವರೆಗೆ ಶುರುವಾದರೆ ನಾಲ್ಕಕ್ಕೆ ಮುಗಿಯುತ್ತದೆ, ಸಂಜೆ ಬಿಸಿಲು ಕಣ್ಣಿಗೆ ಹೊಡೆಯುವುದು ತಪ್ಪುತ್ತದೆ. ಮುಂಚಕ್ರ ಎಳೆಯುವ ಸಣ್ಣ ಕಾರುಗಳು ಮೊದಲು, ಹಿಂಚಕ್ರದವು ಆಮೇಲೆ, ಜಿಪ್ಸಿ ಮುಂತಾದ ಫೋರ್‌ವೀಲ್‌ಗಳು ಕಟ್ಟಕಡೆಗೆ. ನೆಲ ಅಗೆಯುವವರನ್ನು ಮೊದಲು ಬಿಟ್ಟರೆ ಸಣ್ಣ ಕಾರಿನ ಹೊಟ್ಟೆ ತಾಗುತ್ತದೆ. ಬೈಕಿಗೆ ಬೇರೆ ದಿನವೇ ಆಗಬೇಕು, ಕಾರು ಮಾಡಿದ ಜಾಡಿಗೆ ಮುಂಚಕ್ರ ಸಿಕ್ಕಿದರೆ ಸವಾರ ನೆಲಕ್ಕೆ. ನಡುವೆ ನೀರು ಹಾಕಿದ ಕೂಡಲೇ ಸ್ಪರ್ಧಿಯನ್ನು ಬಿಡುವುದಿಲ್ಲ. ನಮ್ಮದೇ ಎರಡು ಹಳೇ ಗಾಡಿ ಪೂರ್ತಿ ಅಗಲಕ್ಕೆ ನಾಲ್ಕೈದು ಸುತ್ತು ಓಡಿ ತೇವವನ್ನು ಒತ್ತಿ ಕೂರಿಸುತ್ತವೆ.

ಸಾಮಾನ್ಯ ಕಾರ್ ವಿಮೆಯಲ್ಲಿ ಸಂಘಟಿತ ರೇಸಿಂಗ್ ಸೇರುವುದಿಲ್ಲ. ಇದನ್ನು ಎಂಟ್ರಿ ಫಾರ್ಮಿನ ಮೊದಲ ಪುಟದಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಿದ್ದೇವೆ. ಆಂಬುಲೆನ್ಸ್ ಒಬ್ಬರನ್ನು ಕರೆದುಕೊಂಡು ಹೊರಟರೆ ಅದು ಮರಳುವವರೆಗೆ ಅಥವಾ ಇನ್ನೊಂದು ಬರುವವರೆಗೆ ಟ್ರ್ಯಾಕ್ ಬಂದ್.

ಅಕಾಲ ಮಳೆ ಬಂದರೆ ತೀರ್ಮಾನ ಹಿಂದಿನ ಸಂಜೆ ಐದಕ್ಕೆ. ಅತಿ ತಗ್ಗಿನ ತಿರುವಿನಲ್ಲಿ ಬೂಟಿನ ಹಿಮ್ಮಡಿ ಒತ್ತಿ ತಿರುಗಿಸಿದಾಗ ನೀರು ಒಸರಿದರೆ ಆ ದಿನ ರದ್ದು, ಎರಡು ವಾರದ ನಂತರದ ಕಾಯ್ದಿರಿಸಿದ ಭಾನುವಾರಕ್ಕೆ ವರ್ಗ. ಆ ಭಾನುವಾರವನ್ನೂ ಗುತ್ತಿಗೆ ಪತ್ರದ ಅನುಬಂಧದಲ್ಲಿ ತಾರೀಕು ಸಮೇತ ಬರೆಸಿರಬೇಕು. ಬರಲಾಗದವರಿಗೆ ಎಂಟ್ರಿ ಶುಲ್ಕ ವಾಪಸ್.