ಅಗ್ನಿಶಾಮಕ ಪರಿಶೀಲನೆಗೆ ಕಟ್ಟಡವನ್ನು ಸಿದ್ಧಗೊಳಿಸುವ ಬಗೆ: ನನ್ನ ಅನುಭವ

ಕಾಸರಗೋಡು, ಕುಂಬಳೆ, ಉಪ್ಪಳದ ಕಡೆ ವಸತಿ ಸಮುಚ್ಚಯಗಳನ್ನೂ ವಾಣಿಜ್ಯ ಸಂಕೀರ್ಣಗಳನ್ನೂ ಕಟ್ಟಿಕೊಡುವ ಗುತ್ತಿಗೆದಾರ ನಾನು. ಅಗ್ನಿಶಾಮಕ ಇಲಾಖೆಯ ಪರಿಶೀಲನೆಗೆ ಬೇಕಾದ ವಸ್ತುಗಳಲ್ಲಿ ಕೆಲವನ್ನು ಕೊನೆಯ ವಾರದಲ್ಲಿ ಮಂಗಳೂರಿನಿಂದ ಹಣ ಕೊಟ್ಟು ತರಿಸಬಹುದು, ಇನ್ನು ಕೆಲವನ್ನು ಎಷ್ಟು ಹಣ ಸುರಿದರೂ ತರಿಸಲಾಗದು. ಅಗ್ನಿನಂದಕ ಸಿಲಿಂಡರು, ಹೋಸ್ ಪೈಪು, ನಿರ್ಗಮನದ ಫಲಕ ಮೊದಲನೆಯ ಬಗೆಯವು. ಮೆಟ್ಟಿಲಿನ ಅಗಲ, ಬೆಂಕಿ ನಂದಿಸುವ ನೀರಿನ ನೆಲದಡಿಯ ಟ್ಯಾಂಕು, ಅಗ್ನಿಶಾಮಕ ವಾಹನ ಒಳಬಂದು ತಿರುಗುವ ದಾರಿ ಎರಡನೆಯ ಬಗೆಯವು. ಆದ್ದರಿಂದ ನಾನು ಪರಿಶೀಲನೆಯ ಸಿದ್ಧತೆಯನ್ನು ಅಡಿಪಾಯದ ಗುಂಡಿ ತೋಡುವ ಮೊದಲೇ ಆರಂಭಿಸುತ್ತೇನೆ.

ಕೇರಳದಲ್ಲಿ ನಗರಸಭೆಗೂ ಪಂಚಾಯತಿಗೂ 2019ರ ಪ್ರತ್ಯೇಕ ಕಟ್ಟಡ ನಿಯಮಗಳಿವೆ. ಅಗ್ನಿ ಸುರಕ್ಷತೆಯ ವಿವರಗಳಿಗೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವೇ ಆಧಾರ. ಆ ಸಂಹಿತೆ 15 ಮೀಟರ್ ಅಥವಾ ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಎಂದು ಎಣಿಸುತ್ತದೆ. ಗಡಿಯ ನಮ್ಮಲ್ಲಿ ಒಂದು ವಿಶೇಷ ತೊಡಕಿದೆ. ಮಾಲೀಕರು ಎಷ್ಟೋ ಸಲ ಮಂಗಳೂರಿನ ವಾಸ್ತುಶಿಲ್ಪಿಯಿಂದ ನಕ್ಷೆ ಬರೆಸುತ್ತಾರೆ, ಅದು ಗಡಿಯ ತಲಪಾಡಿಯ ಆಚೆಯ ಕರ್ನಾಟಕದ ನಿಯಮಕ್ಕೆ ಹೊಂದಿಕೊಂಡಿರುತ್ತದೆ. ಇಲ್ಲಿನ ನಿಯಮ ಬಲ್ಲ ಇಂಜಿನಿಯರೊಬ್ಬರಿಂದ ಆ ನಕ್ಷೆಯನ್ನು ಮೊದಲು ಓದಿಸಿ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪಡೆದ ಪ್ರತಿಯನ್ನು ಮಾತ್ರ ನಾನು ಸೈಟಿಗೆ ಕಳುಹಿಸುತ್ತೇನೆ. ಹಳೆಯ ಪ್ರತಿಗಳನ್ನು ಮೇಸ್ತ್ರಿಯ ಕೈಯಿಂದ ಹಿಂದಕ್ಕೆ ಪಡೆಯುವುದು ಸಣ್ಣ ಕೆಲಸದಂತೆ ಕಂಡರೂ ಅದನ್ನು ತಪ್ಪಿಸುವುದಿಲ್ಲ.

ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಿಗೆ ವಿಸ್ತರಣೆಯಾದ ಮೇಲೆ ದಾರಿಯ ವಿಷಯವನ್ನು ಹೊಸದಾಗಿ ಯೋಚಿಸಬೇಕಾಗಿದೆ. ಹೆದ್ದಾರಿ ಬದಿಯ ಅನೇಕ ನಿವೇಶನಗಳಿಗೆ ಈಗ ಸರ್ವಿಸ್ ರಸ್ತೆಯಿಂದ ಮಾತ್ರ ಪ್ರವೇಶ. ದೊಡ್ಡ ವಾಹನ ಆ ರಸ್ತೆಯಿಂದ ಗೇಟಿನೊಳಕ್ಕೆ ಒಂದೇ ಸಲಕ್ಕೆ ತಿರುಗಬಲ್ಲುದೇ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ. ಜಲ್ಲಿ ತರುವ ದೊಡ್ಡ ಟಿಪ್ಪರು ಹೇಗೆ ಒಳಗೆ ಬರುತ್ತದೆ ಎಂಬುದನ್ನು ನೋಡಿಯೇ ನಾನು ಗೇಟಿನ ಸ್ಥಾನವನ್ನು ಗಟ್ಟಿ ಮಾಡುತ್ತೇನೆ. ಗೇಟು ಪೂರ್ತಿ ಮಡಚಿ ಆವರಣ ಗೋಡೆಗೆ ಒರಗಬೇಕು. ಕಟ್ಟಡದ ಸುತ್ತಲಿನ ದಾರಿಗೆ ಇಂಟರ್‌ಲಾಕ್ ಹಾಸುವುದಾದರೆ ಅದರ ಕೆಳಗಿನ ತಳ ಅಗ್ನಿಶಾಮಕ ವಾಹನದ ಭಾರವನ್ನು ತಾಳುವಂತಿರಬೇಕು. ಕಾರು ನಿಲ್ಲುವ ಲೆಕ್ಕದಲ್ಲಿ ಹಾಸಿದ ನೆಲ ಇದಕ್ಕೆ ಸಾಲದು.

ಮೆಟ್ಟಿಲಿನ ಬಗ್ಗೆ ನಾನು ಅತಿಯಾಗಿ ಚಿಂತಿಸುತ್ತೇನೆ ಎಂದು ನನ್ನ ಜೊತೆಯವರು ಹೇಳುವುದುಂಟು. ವಾಣಿಜ್ಯ ಕಟ್ಟಡದ ಮೆಟ್ಟಿಲಿಗೆ ಕನಿಷ್ಠ 1.5 ಮೀಟರ್ ಅಗಲ ಬೇಕು. ನಕ್ಷೆಯಲ್ಲಿ ಅಷ್ಟೇ ಬರೆದಿದ್ದು, ಕಾಂಕ್ರೀಟಿನ ಅಚ್ಚನ್ನೂ ಅಷ್ಟಕ್ಕೇ ಕಟ್ಟಿದರೆ, ಗೋಡೆಯ ಗಾರೆ ಒಂದಿಷ್ಟು, ಹಿಡಿದು ಇಳಿಯುವ ಕಂಬಿ ಇನ್ನೊಂದಿಷ್ಟು ಅಗಲವನ್ನು ಕಸಿದುಕೊಂಡು, ಪರಿಶೀಲನೆಯ ದಿನ ಟೇಪು ಹಿಡಿದಾಗ ಅಳತೆ ಕಡಿಮೆ ಬರುತ್ತದೆ. ಆದ್ದರಿಂದ ಅಚ್ಚು ಕಟ್ಟುವಾಗಲೇ 15 ಸೆಂಟಿಮೀಟರಿನಷ್ಟು ಹೆಚ್ಚು ಬಿಡಿಸುತ್ತೇನೆ. ಎತ್ತರದ ವಿಷಯ ಇನ್ನೂ ಸೂಕ್ಷ್ಮ. ನೆಲಕ್ಕೆ ಬೀಳುವ ಗಾರೆ ಮತ್ತು ಟೈಲಿನ ದಪ್ಪ ಮೆಟ್ಟಿಲಿನ ಮೇಲೆ ಕೂರುವ ಗ್ರಾನೈಟಿನ ದಪ್ಪಕ್ಕಿಂತ ಹೆಚ್ಚಾದರೆ ಕೆಳಗಿನ ಮೊದಲ ಮೆಟ್ಟಿಲು ಗಿಡ್ಡವಾಗಿ, ಮೇಲಿನ ಕೊನೆಯದು ಎತ್ತರವಾಗುತ್ತದೆ. ಹಗಲಿನಲ್ಲಿ ಯಾರಿಗೂ ತಿಳಿಯದ ಈ ವ್ಯತ್ಯಾಸ, ಹೊಗೆ ತುಂಬಿದಾಗ ಕಣ್ಣು ಕಾಣದೆ ಇಳಿಯುವವರ ಕಾಲನ್ನು ತಪ್ಪಿಸುತ್ತದೆ. ಯಾವ ಟೈಲು, ಯಾವ ಕಲ್ಲು ಎಂಬ ತೀರ್ಮಾನವನ್ನು ಮಾಲೀಕರಿಂದ ಮೆಟ್ಟಿಲು ಎರಕ ಹೊಯ್ಯುವ ಮೊದಲೇ ಪಡೆಯುವುದು ಇದಕ್ಕಿರುವ ಒಂದೇ ಪರಿಹಾರ. ಮಾಲೀಕರಿಗೆ ಇದು ಕಿರಿಕಿರಿ ಎನಿಸಿದರೂ ನಾನು ಪಟ್ಟು ಬಿಡುವುದಿಲ್ಲ.

ನೆಲದಡಿಯ ಟ್ಯಾಂಕು ನಮ್ಮ ಮಣ್ಣಿನಲ್ಲಿ ಬೇರೆಯದೇ ಲೆಕ್ಕಾಚಾರ ಕೇಳುತ್ತದೆ. ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಒಣಗಿದ್ದಾಗ ಬಿಗಿಯಾಗಿದ್ದು ನೀರು ತಾಗಿದೊಡನೆ ಕುಸಿಯುವ ಶೇಡಿ ಮಣ್ಣು. ಆದ್ದರಿಂದ ಟ್ಯಾಂಕಿನ ಗುಂಡಿಯನ್ನು ಮಳೆ ಪೂರ್ತಿ ನಿಂತ ಮೇಲೆ ತೋಡಿ, ತಳ ಮತ್ತು ಗೋಡೆಗಳ ಎರಕವನ್ನು ಬೇಸಿಗೆಯೊಳಗೆ ಮುಗಿಸಿ, ಸೋರಿಕೆ ಪರೀಕ್ಷಿಸಿ, ಜೂನಿಗೆ ಮೊದಲು ನೀರು ತುಂಬಿಸಿಬಿಡುತ್ತೇನೆ. ಖಾಲಿ ಟ್ಯಾಂಕನ್ನು ಮಳೆಗಾಲದ ಅಂತರ್ಜಲ ಕೆಳಗಿನಿಂದ ಎತ್ತುವ ಅಪಾಯವಿದೆ. ನಿವೇಶನ ಇಳಿಜಾರಾಗಿದ್ದರೆ ಅದು ಅನುಕೂಲವೇ ಸರಿ. ಪಂಪಿನ ಕೋಣೆಯನ್ನು ತಗ್ಗಿನ ಬದಿಗೆ, ಟ್ಯಾಂಕಿನ ತಳದ ಮಟ್ಟಕ್ಕೆ ಕಟ್ಟಿದರೆ ನೀರು ತಾನಾಗಿ ಪಂಪಿಗೆ ಬರುತ್ತದೆ, ಹೀರುಕೊಳವೆಯ ತುದಿಯಲ್ಲಿ ನೀರು ಹಿಂದಿಳಿಯದಂತೆ ತಡೆಯುವ ಫುಟ್ ವಾಲ್ವಿನ ತೊಂದರೆಯೇ ಇರುವುದಿಲ್ಲ. ಬೆಂಕಿಗೆಂದು ಮೀಸಲಿಟ್ಟ ನೀರನ್ನು ಮನೆಬಳಕೆಗೆ ಎಳೆಯಲಾಗದಂತೆ, ಮನೆಬಳಕೆಯ ಕೊಳವೆಯನ್ನು ಮೀಸಲು ನೀರಿನ ಮಟ್ಟಕ್ಕಿಂತ ಮೇಲೆ ಇರಿಸುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಗಳು ಬತ್ತಿದಾಗ ನಿವಾಸಿಗಳ ಕಣ್ಣು ಈ ನೀರಿನ ಮೇಲೆಯೇ ಬೀಳುತ್ತದೆ. ಆಗ ಫಲಕದ ಎಚ್ಚರಿಕೆಗಿಂತ ಕೊಳವೆಯ ಎತ್ತರವೇ ಹೆಚ್ಚು ಕೆಲಸ ಮಾಡುತ್ತದೆ.

ಬೆಂಕಿ ನಂದಿಸುವ ನೀರನ್ನು ಮಹಡಿಗಳಿಗೆ ಒಯ್ಯುವ ರೈಸರ್ ಕೊಳವೆಯನ್ನು ಕಟ್ಟಡ ಮುಗಿದ ಮೇಲೆ ಏರಿಸುವ ಪದ್ಧತಿಯನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಬಹುಮಹಡಿ ಕಟ್ಟಡ ಮೇಲೇರುತ್ತಿರುವಾಗಲೇ ಕನಿಷ್ಠ 100 ಮಿಲಿಮೀಟರ್ ವ್ಯಾಸದ ರೈಸರ್ ಇರಬೇಕೆಂದು ಸಂಹಿತೆಯೇ ಹೇಳುತ್ತದೆ. ಮಹಡಿಯ ಜೊತೆಗೇ ಅದೂ ಏರಿದರೆ ವೆಲ್ಡಿಂಗ್, ಪೇಂಟಿಂಗ್ ನಡೆಯುವ ತಿಂಗಳುಗಳಲ್ಲಿಯೂ ರಕ್ಷಣೆ ಸಿಗುತ್ತದೆ. ಗೋಡೆ ಮುಚ್ಚುವ ಮೊದಲು ಬಳಕೆಯಲ್ಲಿ ಕೊಳವೆಯೊಳಗೆ ಇರುವ ನೀರಿನ ಒತ್ತಡದ ಒಂದೂವರೆ ಪಟ್ಟು ಒತ್ತಡವನ್ನು ಎರಡು ಗಂಟೆ ನಿಲ್ಲಿಸಿ ಪರೀಕ್ಷಿಸುತ್ತೇನೆ. ಅದಕ್ಕೂ ಮುಂಚೆ ಕೊಳವೆಗಳಿಗೆ ರಭಸದಿಂದ ನೀರು ಹಾಯಿಸಿ ತೊಳೆಯಬೇಕು. ಒಳಗಿನಿಂದ ಸಿಮೆಂಟಿನ ಹೆಂಟೆ, ವೆಲ್ಡಿಂಗ್ ರಾಡಿನ ತುಂಡು ಏನೆಲ್ಲ ಹೊರಬರುತ್ತದೆ ಎಂದು ನೋಡಿದವರೇ ಬಲ್ಲರು. ಸಮುದ್ರದ ಉಪ್ಪುಗಾಳಿಯಿಂದಾಗಿ ಹೊರಗಿನ ಕೊಳವೆಗಳಿಗೆ ಕೆಂಪು ಬಣ್ಣದ ಕೆಳಗೆ ಒಳ್ಳೆಯ ಪ್ರೈಮರ್, ಮಣ್ಣಿನೊಳಗಿನವಕ್ಕೆ ಸುತ್ತುಪಟ್ಟಿ ಅನಿವಾರ್ಯ.

ವಿದ್ಯುತ್ ತಂತಿಗಳು ಏರುವ ಶಾಫ್ಟ್‌ಗಳನ್ನು ಪ್ರತಿ ಮಹಡಿಯ ಮಟ್ಟದಲ್ಲಿಯೂ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು, ಇಲ್ಲವಾದರೆ ಹೊಗೆ ಅದರಲ್ಲೇ ಮೇಲಿನ ಮಹಡಿಗಳಿಗೆ ಹತ್ತುತ್ತದೆ. ಮುಚ್ಚಿದ ಮರುದಿನವೇ ಇಂಟರ್ನೆಟ್ಟಿನವರು ಬಂದು ಒಡೆಯುತ್ತಾರೆ. ಮುಂದಿನ ತಂತಿಗಳಿಗೆಂದು ಎರಡು ಮೂರು ಖಾಲಿ ಕೊಳವೆ ತುಂಡುಗಳನ್ನು ಮೊದಲೇ ಇಟ್ಟು ಅವುಗಳ ಬಾಯಿಯನ್ನೂ ಮುಚ್ಚಿಸುವುದರಿಂದ ಈ ಕಾಟ ಕಡಿಮೆಯಾಗಿದೆ. ಅಗ್ನಿನಿರೋಧಕ ಬಾಗಿಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಪ್ರಮಾಣಪತ್ರದೊಂದಿಗೆ ಬರಬೇಕು, ಹೊರಹೋಗುವ ದಿಕ್ಕಿಗೆ ತೆರೆಯಬೇಕು, ತಾನಾಗಿ ಮುಚ್ಚಿಕೊಳ್ಳಬೇಕು. ಗಾಳಿಗೆಂದು ಟೈಲಿನ ಚೂರು ಇಟ್ಟು ಅವನ್ನು ತೆರೆದಿಡುವ ಚಾಳಿಯನ್ನು ಮಾತ್ರ ಸೈಟಿನಲ್ಲೇ ನಿಲ್ಲಿಸಬೇಕು.

ಅಧಿಕಾರಿಗಳು ಬರುವ ಮೊದಲು ನಾನೇ ಅವರ ಕ್ರಮದಲ್ಲಿ ಕಟ್ಟಡವನ್ನು ಒಮ್ಮೆ ನಡೆಯುತ್ತೇನೆ. ಅತಿ ಮೇಲಿನ, ಅತಿ ದೂರದ ಹೈಡ್ರಂಟಿಗೆ (ಹೋಸ್ ಪೈಪು ಜೋಡಿಸುವ ನಲ್ಲಿಗೆ) ಮಾಪಕ ಹಾಕಿ ಚದರ ಸೆಂಟಿಮೀಟರಿಗೆ 3.5 ಕಿಲೋ ಒತ್ತಡ ಬರುತ್ತದೆಯೇ ಎಂದು ನೋಡುತ್ತೇನೆ. ಹೋಸ್ ರೀಲನ್ನು ಬಿಚ್ಚಿಸಿ ಕೊನೆಯ ಕೋಣೆಯ ಮೂಲೆಯವರೆಗೆ ಎಳೆಸುತ್ತೇನೆ. ಮುಖ್ಯ ವಿದ್ಯುತ್ತನ್ನು ತೆಗೆದು ಡೀಸೆಲ್ ಪಂಪು ತಾನಾಗಿ ಓಡುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗುವುದು ಸಾಮಾನ್ಯವಾದ್ದರಿಂದ ಇದು ನಾಮಕಾವಸ್ತೆಯ ಪರೀಕ್ಷೆಯಲ್ಲ. ಯಾರೂ ನೀರು ಬಿಡದಿದ್ದರೂ ಕೊಳವೆಗಳ ಒತ್ತಡ ಇಳಿಯದಂತೆ ಕಾಯುವ ಸಣ್ಣ ಜಾಕಿ ಪಂಪು ಪದೇ ಪದೇ ಓಡುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ, ಅದನ್ನು ಹುಡುಕದೆ ಮುಂದಕ್ಕೆ ಹೋಗುವುದಿಲ್ಲ. ಪರೀಕ್ಷೆಯ ವರದಿಗಳು, ಸಾಮಗ್ರಿಗಳ ಪ್ರಮಾಣಪತ್ರಗಳು, ಕಟ್ಟಿದಂತೆಯೇ ಬರೆದ ನಕ್ಷೆ ಎಲ್ಲವೂ ಒಂದೇ ಕಡತದಲ್ಲಿರುತ್ತವೆ.

ಕಟ್ಟಡವನ್ನು ಒಪ್ಪಿಸುವ ದಿನ ನಿವಾಸಿಗಳ ಸಂಘದ ಕಾರ್ಯದರ್ಶಿಯೂ ಕಾವಲುಗಾರನೂ ನನ್ನೆದುರಿನಲ್ಲಿ ತಾವೇ ಡೀಸೆಲ್ ಪಂಪನ್ನು ಚಾಲೂ ಮಾಡಿ ನಿಲ್ಲಿಸಬೇಕು. ಪಂಪಿನ ಕೋಣೆಯ ಬಳಕೆಯ ಸೂಚನೆಯನ್ನು ಮಲಯಾಳ, ಕನ್ನಡ ಎರಡರಲ್ಲೂ ಬರೆಸುತ್ತೇನೆ, ಕಾವಲುಗಾರ ಉತ್ತರ ಭಾರತದವನಾದರೆ ಹಿಂದಿಯಲ್ಲೂ. ಕೋಣೆಯ ಬೀಗದ ಕೈ ಕಾರ್ಯದರ್ಶಿಯ ಮನೆಯಲ್ಲಲ್ಲ, ಕಾವಲುಗಾರನ ಬಳಿ ಇರಬೇಕೆಂದು ಒಪ್ಪಿಸುವ ಪತ್ರದಲ್ಲಿಯೇ ಸೇರಿಸಿ ಇಬ್ಬರ ಸಹಿಯನ್ನೂ ಪಡೆಯುತ್ತೇನೆ.