ಮಳೆ ನೀರು ಗೇಟು ದಾಟೋ ಮುಂಚೆ: ಬೆಂಗಳೂರಿನ ಮನೆಯವರಿಗೆ

ಮೊದಲು ಲೆಕ್ಕ ನೋಡಿ. ಬೆಂಗಳೂರಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 970 ಮಿಲಿಮೀಟರ್ ಮಳೆ ಆಗುತ್ತದೆ. ತಾರಸಿ 1,000 ಚದರಡಿ ಇದ್ದರೆ ಅದರ ಮೇಲೆ ಬೀಳುವುದು ಸುಮಾರು 90,000 ಲೀಟರ್, ಅಂದರೆ 6,000 ಲೀಟರಿನ 15 ಟ್ಯಾಂಕರ್. 2022ರ ಸೆಪ್ಟೆಂಬರಲ್ಲಿ ಬಡಾವಣೆಗಳು ಮುಳುಗಿದವು, 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಅದೇ ಊರು ಟ್ಯಾಂಕರಿಗೆ ಕಾದಿತು. ನೀರು ನಮ್ಮ ಸೈಟಲ್ಲೇ ನಿಂತು ಇಂಗಿದರೆ ಎರಡೂ ಕಷ್ಟ ಸ್ವಲ್ಪವಾದರೂ ಕಮ್ಮಿ ಆಗುತ್ತದೆ, ಅಲ್ವಾ?

ಜೋರು ಮಳೆ ಬಂದಾಗ ಛತ್ರಿ ಹಿಡಿದು ಮನೆ ಸುತ್ತ ಒಂದು ಸುತ್ತು ಬನ್ನಿ. ತಾರಸಿ ಪೈಪ್ ಎಲ್ಲಿ ಬಿಡುತ್ತಿದೆ, ಅಂಗಳದ ನೀರು ಯಾವ ಮೂಲೆಗೆ ಓಡುತ್ತಿದೆ ಅಂತ ನೋಡಿ. ಪೈಪನ್ನು ಒಳಚರಂಡಿಯ ಚೇಂಬರಿಗೆ ಕೊಟ್ಟಿದ್ದರೆ ಮೊದಲು ಅದನ್ನು ಬಿಡಿಸಿ. ಮಳೆ ಬಂದಾಗ ರಸ್ತೆ ಮೇಲೆ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಇದು ದೊಡ್ಡ ಕಾರಣ, ಕೊಳಕು ನೀರು ನುಗ್ಗುವುದು ತಗ್ಗಿನಲ್ಲಿರುವ ಬಡವರ ಮನೆಗೆ.

ಆಮೇಲೆ ಸಂಪು. ಮೊದಲ ಮಳೆಯ ಧೂಳು, ಪಾರಿವಾಳದ ಗಲೀಜು ಹೊರಗೆ ಹೋಗಲು ಒಂದು ವಾಲ್ವ್ ಇಡಿಸಿ, ಉಳಿದದ್ದನ್ನು ಫಿಲ್ಟರ್ ಮೂಲಕ ಸಂಪಿಗೆ ಬಿಡಿ. ಬಟ್ಟೆ ಒಗೆಯಲು, ಗಿಡಕ್ಕೆ, ಟಾಯ್ಲೆಟ್ಟಿಗೆ ಧಾರಾಳವಾಗಿ ಬಳಸಬಹುದು.

ಸಂಪು ತುಂಬಿದ ಮೇಲಿನ ನೀರಿಗೆ ಇಂಗುಬಾವಿ, ಅಂದರೆ ನೀರನ್ನು ನೆಲಕ್ಕೆ ಇಂಗಿಸುವ ಬಾವಿ. ನನ್ನ ಪ್ರಕಾರ ಖರ್ಚು ಮಾಡಬೇಕಾದ್ದು ಇಲ್ಲಿ. 3 ಅಡಿ ಅಗಲ, 20 ಅಡಿ ಆಳದ ಬಾವಿಯಲ್ಲಿ ಸುಮಾರು 4,000 ಲೀಟರ್ ಹಿಡಿಯುತ್ತದೆ. 1,000 ಚದರಡಿ ತಾರಸಿ ಮೇಲೆ 50 ಮಿಲಿಮೀಟರ್ ಸುರಿದರೆ ಕೈಗೆ ಸಿಗುವ ನೀರೂ ಹೆಚ್ಚುಕಮ್ಮಿ ಅಷ್ಟೇ. ತೋಡುವ ಮುಂಚೆ ಒಂದೂವರೆ ಅಡಿ ಗುಂಡಿ ತೆಗೆದು ನೀರು ತುಂಬಿಸಿ, ಎಷ್ಟು ಬೇಗ ಇಳಿಯುತ್ತದೆ ನೋಡಿ. ಸಿಮೆಂಟ್ ರಿಂಗ್ ಇಳಿಸುವಾಗ ಸಂದಿಗೆ ಗಾರೆ ಬಳಿಯಬೇಡಿ, ತಳಕ್ಕೆ ಕಾಂಕ್ರೀಟ್ ಹಾಕಲೇಬೇಡಿ. ಎಷ್ಟೋ ಮೇಸ್ತ್ರಿಗಳು 'ಗಟ್ಟಿ ಇರಲಿ ಸಾರ್' ಅಂತ ಹಾಕಿಬಿಡುತ್ತಾರೆ, ಆಗ ಅದು ಬಾವಿಯಲ್ಲ, ಇನ್ನೊಂದು ಸಂಪು. ರಿಂಗಿನ ಹೊರಸುತ್ತ ಜಲ್ಲಿ ತುಂಬಿಸಿ, ಮೇಲೆ ಭದ್ರವಾದ ಮುಚ್ಚಳ ಹಾಕಿಸಿ, ಜಾಸ್ತಿ ನೀರು ಮೋರಿಗೆ ಹೋಗಲು ಒಂದು ಪೈಪ್ ಕೊಡಿ. ಸರ್ಜಾಪುರದ ಕಡೆ ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ವಡ್ಡರ ಕುಟುಂಬಗಳಿವೆ. ಮಣ್ಣು ನೋಡಿಯೇ ಎಷ್ಟು ಆಳ ಬೇಕು ಅಂತ ಹೇಳುತ್ತಾರೆ, ಅವರನ್ನೇ ಕರೆಸಿ. ಪಾಯದಿಂದ 10 ಅಡಿ ದೂರ ಸಿಗದಿದ್ದರೆ, ಅಥವಾ ಹತ್ತಿರದಲ್ಲಿ ಟಾಯ್ಲೆಟ್ಟಿನ ಪಿಟ್ ಗುಂಡಿ ಇದ್ದರೆ ಬಾವಿ ಬೇಡ, ಸಂಪೇ ಸಾಕು. ತಾರಸಿ ನೀರನ್ನು ನೇರವಾಗಿ ಬೋರ್‌ವೆಲ್ ಕೊಳವೆಗೂ ಬಿಡಬೇಡಿ.

ದುಡ್ಡಿಲ್ಲದಿದ್ದರೆ ಅಂಗಳದಿಂದ ಶುರು ಮಾಡಿ. ಕಾರು ನಿಲ್ಲುವ ಜಾಗದ ಸಿಮೆಂಟ್ ಎಲ್ಲವನ್ನೂ ಒಡೆಯಬೇಕಿಲ್ಲ, ಚಕ್ರ ಓಡುವ ಎರಡು ಪಟ್ಟಿ ಬಿಟ್ಟು ನಡುವಿನದನ್ನು ತೆಗೆದು ಹುಲ್ಲು ಹಾಕಿದರೂ ನೀರು ಇಳಿಯುತ್ತದೆ. ಗಿಡದ ಪಾತಿಯನ್ನು ಅಂಗಳಕ್ಕಿಂತ ನಾಲ್ಕೈದು ಇಂಚು ತಗ್ಗಿಸಿ, ಕಾಬಾಳೆ, ಲಾವಂಚ ನೆಡಿ. ನೀರು ಒಂದೆರಡು ದಿನದಲ್ಲಿ ಇಂಗಿದರೆ ಸೊಳ್ಳೆ ಮರಿ ಮಾಡುವುದಿಲ್ಲ. ಅದಕ್ಕೂ ಜಾಸ್ತಿ ನಿಂತರೆ ಮಣ್ಣು ಕೆದಕಿ ಮರಳು, ಗೊಬ್ಬರ ಸೇರಿಸಿ.

ಕಾನೂನಂತೂ 2009ರಿಂದಲೇ ಇದೆ: 60-40 ಅಡಿ ಅಥವಾ ಅದಕ್ಕೂ ದೊಡ್ಡ ಸೈಟಿನ ಹಳೇ ಮನೆಗೂ, 30-40 ಅಥವಾ ಅದಕ್ಕೂ ದೊಡ್ಡ ಸೈಟಿನ ಹೊಸ ಮನೆಗೂ ಮಳೆ ಕೊಯ್ಲು ಕಡ್ಡಾಯ. ದಂಡ ತಪ್ಪಿಸಿಕೊಳ್ಳಲು ಸುಮ್ನೆ ಒಂದು ಡ್ರಮ್ ಇಟ್ಟು ಕೈತೊಳೆದುಕೊಳ್ಳಬೇಡಿ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆ ನೀರು ಕೊಯ್ಲು ಪಾರ್ಕ್ ಇದೆ, ಅಲ್ಲಿ ಮಾದರಿಗಳನ್ನು ಕಣ್ಣಾರೆ ನೋಡಿ ಆಮೇಲೆ ಪ್ಲಂಬರ್ ಜೊತೆ ಮಾತಾಡಿ.

ಏಪ್ರಿಲ್ ಮುಗಿಯುವುದರೊಳಗೆ ತಾರಸಿ ಗುಡಿಸಿ, ಫಿಲ್ಟರ್ ತೊಳೆದು, ಬಾವಿಯ ಹೂಳು ತೆಗೆಸಿ. ಒಳಗೆ ಒಬ್ಬರೇ ಇಳಿಯಬಾರದು, ಮುಚ್ಚಿದ ಬಾವಿಯಲ್ಲಿ ಉಸಿರಾಡಲು ಗಾಳಿ ಸಾಲದೆ ಹೋಗಬಹುದು. ಆ ಕೆಲಸ ಗೊತ್ತಿದ್ದವರಿಗೇ ಬಿಡಿ.